ಮೂವತ್ತೆಂಟು ಮಾರು

ಚಿತ್ರದುರ್ಗ
೧೨ ಜೂನ್ ೨೦೨೩

ಹನುಮೇಶ,

ನಾಲ್ಕು ವರ್ಷದಿಂದ ನಾನೂ ಕಾಗದ ಬರೆದಿಲ್ಲ, ನೀನೂ ಬರೆದಿಲ್ಲ. ಹಾಗಾಗಿ ಬೈಯುವ ಹಕ್ಕು ಇಬ್ಬರಿಗೂ ಇಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಹಿಮದ ಮೇಲಿನ ಸೇನಾ ಪೋಸ್ಟಿನಲ್ಲಿ ಇನ್‌ಲ್ಯಾಂಡ್ ಪತ್ರದ ಚಟ ಹತ್ತಿಸಿದವನು ನೀನೇ. ಫೋನಿನಲ್ಲಿ ನನಗೆ ಇವತ್ತಿಗೂ ನೆಟ್ಟಗೆ ಮಾತು ಬರುವುದಿಲ್ಲ.

ಮಾರ್ಚಿನಲ್ಲಿ ನಾನೂ ಬಿಡುಗಡೆಯಾಗಿ ಬಂದೆ. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಏನು ಕಲಿತೆ ಎಂದು ನಿನಗೆ ಹೇಳಬೇಕಾಗಿಲ್ಲ. ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವುದು, ಸಾಯುತ್ತಿರುವವನನ್ನು ಮೈಗೆ ಕಟ್ಟಿಕೊಂಡು ಮೇಲೆ ಬರುವುದು, ದಾರಿಯಲ್ಲೇ ಅವನ ರಕ್ತ ನಿಲ್ಲಿಸುವುದು. ನಲವತ್ತೊಂದು ಜನರನ್ನು ತಂದಿದ್ದೇನೆ. ಇದನ್ನು ಚಿತ್ರದುರ್ಗದಲ್ಲಿ ಯಾರಿಗೆ ಮಾರಲಿ, ಹೇಳು.

ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿನವನು ನನ್ನ ಕಾಗದಗಳನ್ನು ಮೂಸಿ ನೋಡಿದ ಹಾಗೆ ನೋಡಿ, "ಹೆಲಿಕಾಪ್ಟರಾಗೆ ಸೂಜಿ ಚುಚ್ಚಿದ್ದು ಇಲ್ಲಿ ನಡೆಯಂಗಿಲ್ಲ ಬಿಡ್ರಿ, ಸರ್ಟಿಫಿಕೇಟ್ ಐತಾ?" ಎಂದ. ಕಾರ್ ಶೋರೂಮಿನವನು ಎಕ್ಸೆಲ್ ಬರುತ್ತದಾ ಎಂದು ಕೇಳಿದ. ಕೊನೆಗೆ ಹೊಳಲ್ಕೆರೆಯ ಒಂದು ಕಲ್ಯಾಣಮಂಟಪದಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು. ಸೀಟಿ ಊದಿ ಕಾರು ನಿಲ್ಲಿಸುವುದು, ಊಟದ ಹಾಲಿನ ಬಾಗಿಲಲ್ಲಿ ಜನರನ್ನು ತಡೆಯುವುದು. ಒಬ್ಬ ಬೀಗರು ನನ್ನ ಕೈಗೆ ಚಪ್ಪಲಿ ಕೊಟ್ಟು, "ನೋಡ್ಕಳಪ್ಪ" ಎಂದರು. ನೋಡಿಕೊಂಡೆ. ಮಾರನೆಯ ದಿನದಿಂದ ಹೋಗಲಿಲ್ಲ.

ಈಗ ನಮ್ಮ ಅಬ್ಬಾ ಬಡೇಸಾಬರ ಹಾಸಿಗೆ ಅಂಗಡಿಯಲ್ಲಿ ಅರಳೆ ತುಂಬುತ್ತಾ ಕೂತಿದ್ದೇನೆ. ಗಿರಾಕಿಗಳ ಎದುರಿಗೇ ಅವರು, "ಏನಪ್ಪ ಏರ್‌ಫೋರ್ಸು, ಸೂಜಿಗೆ ದಾರ ಪೋಣಿಸಾಕಾದ್ರೂ ಕಲಿಸವ್ರಾ?" ಎನ್ನುತ್ತಾರೆ. ಆಲಿಯಾ ಏನೂ ಹೇಳುವುದಿಲ್ಲ. ಹೆಂಡತಿ ಬೈದರೆ ತಡೆದುಕೊಳ್ಳಬಹುದು, ಅವಳು ಸುಮ್ಮನಿರುವುದನ್ನು ತಡೆಯಲಾಗುತ್ತಿಲ್ಲ.

ನಿನ್ನ ಏಜೆನ್ಸಿ ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿದೆ. ಹಗ್ಗಕ್ಕೆ ಸಂಬಂಧಪಟ್ಟ ಏನಾದರೂ ಕೆಲಸವಿದ್ದರೆ ಹೇಳು. ಹನ್ನೊಂದು ವರ್ಷ ನೀನು ಹಗ್ಗ ಮಡಿಸಿ ಚೀಲಕ್ಕೆ ಹಾಕಿ ಸೀಲ್ ಒತ್ತಿ ಸಹಿ ಮಾಡಿದೆ, ನಾನು ಆ ಚೀಲ ಬಿಚ್ಚಿ ನೋಡದೆ ಸೊಂಟಕ್ಕೆ ಕಟ್ಟಿಕೊಂಡು ಇಳಿದೆ. ಕಟ್ಟಿದವನ ಸಹಿ ಇದ್ದ ಮೇಲೆ ಇಳಿಯುವವನು ಬಿಚ್ಚುವಂತಿಲ್ಲ. ಬಿಚ್ಚಿದರೆ ಕಟ್ಟಿದವನ ಕೆನ್ನೆಗೆ ಹೊಡೆದಂತೆ. ಇದು ಯಾವ ಪುಸ್ತಕದಲ್ಲೂ ಬರೆದ ನಿಯಮವಲ್ಲ, ನಮ್ಮ ತುಕಡಿಯವರು ಮಾತ್ರ ಪಾಲಿಸಿದ್ದು. ಊರಿನಲ್ಲಿ ಅಂಥ ನಂಬಿಕೆಯ ಕೆಲಸ ಎಲ್ಲಾದರೂ ಉಳಿದಿದೆಯಾ?

ನಿನ್ನ
ನಾಸಿರ್


ಹಿರಿಯೂರು
೨೩ ಜೂನ್ ೨೦೨೩

ಲೇ ನಾಸಿರಾ,

ಕಲ್ಯಾಣಮಂಟಪದಲ್ಲಿ ಚಪ್ಪಲಿ ಕಾದದ್ದನ್ನು ಓದಿ ಎರಡು ದಿನ ನಕ್ಕೆ. ಮೂರನೆಯ ದಿನ ಅಳು ಬಂತು. ನನ್ನ ಪ್ರಾಣ ಸ್ನೇಹಿತ ಅರಳೆ ತುಂಬುತ್ತಿದ್ದರೆ ನಾನು ಇದ್ದು ಏನು ಪ್ರಯೋಜನ.

ಕೆಲಸ ಇದೆ. ಹೊಸದುರ್ಗದ ಗುಡ್ಡಸಾಲಿನ ಮೇಲೆ ನಮ್ಮ ಜನ ಫ್ಯಾನು ಎನ್ನುವ ಗಾಳಿಯಂತ್ರಗಳಿವೆಯಲ್ಲ, ಅಲ್ಲಿ ಸೇಫ್ಟಿ ಆಫೀಸರ್. ಪ್ರತಿ ಟವರಿನ ನೆತ್ತಿಯ ಕೋಣೆಯಲ್ಲಿ ಒಂದು ರಕ್ಷಣಾ ಚೀಲ ಇರಬೇಕು ಎಂಬುದು ಕಾನೂನು. ಮೇಲೆ ಹತ್ತಿದವನಿಗೆ ಪೆಟ್ಟಾದರೆ ಆ ಚೀಲದ ಹಗ್ಗದಿಂದ ಹೊರಗಿನಿಂದಲೇ ಕೆಳಗಿಳಿಸಬೇಕು. ಆ ಚೀಲಗಳನ್ನು ಕಟ್ಟಿ, ಸೀಲ್ ಹಾಕಿ ಕೊಡುವುದು ನನ್ನ ಏಜೆನ್ಸಿ. ತಿಂಗಳಿಗೊಮ್ಮೆ ಹತ್ತಿ ನೋಡಿ ಫಾರಂಗೆ ಸಹಿ ಮಾಡುವುದು ನಿನ್ನ ಕೆಲಸ. ಮತ್ತೆ ನಾನು ಕಟ್ಟುವವನು, ನೀನು ಇಳಿಯುವವನು. ಇನ್ನೇನು ಬೇಕು?

ಉಪಕಾರ ಮಾಡಿದೆ ಎಂದು ನನಗೆ ಸಲಾಮು ಹೊಡೆಯಬೇಡ. ಆ ದಿನ ಹಿಮದ ಕಣಿವೆಯಲ್ಲಿ ಹಗ್ಗ ಜಾರಿದಾಗ ಬರಿಗೈಯಲ್ಲಿ ನಿನ್ನನ್ನು ಹಿಡಿದುಕೊಂಡವನು ನಾನು. ಅಂಗೈ ಚರ್ಮ ಇವತ್ತಿಗೂ ಮೊದಲಿನ ಹಾಗಾಗಿಲ್ಲ. ಅಷ್ಟು ಕಷ್ಟಪಟ್ಟು ಉಳಿಸಿದ ಮಾಲನ್ನು ಹಾಸಿಗೆ ಅಂಗಡಿಯಲ್ಲಿ ಕೊಳೆಯಲು ಬಿಡುತ್ತೇನಾ?

ಸೋಮವಾರ ಬಾ, ಕಂಪನಿಯವರನ್ನು ನೋಡಿಬಿಡೋಣ.

ನಿನ್ನ
ಹನುಮೇಶ


ಹೊಸದುರ್ಗ
೨೬ ನವೆಂಬರ್ ೨೦೨೩

ಪ್ರೀತಿಯ ಹನುಮೇಶ,

ಐದು ತಿಂಗಳಾಯಿತು. ಆಲಿಯಾಳ ಬಾಯಿ ಬಂದಿದೆ, ಈಗ ದಿನವೂ ಬೈಯುತ್ತಾಳೆ. ಮನೆ ಮನೆಯಂತಿದೆ. ಅಬ್ಬಾ ಗಿರಾಕಿಗಳಿಗೆ, "ನಮ್ಮ ಹುಡುಗ ಆಫೀಸರು, ಫ್ಯಾನಿನ ಮ್ಯಾಲೆ ಕುಂತಿರ್ತಾನೆ" ಎಂದು ಹೇಳಿಕೊಳ್ಳುತ್ತಾರಂತೆ. ಇಷ್ಟನ್ನು ಕೊಟ್ಟವನು ನೀನು. ಸಲಾಮು ಬೇಡ ಎಂದರೂ ಹೊಡೆಯುತ್ತೇನೆ.

ಹಳೆಯ ಟವರುಗಳು ಐವತ್ತೈದು ಮೀಟರ್. ಈ ವರ್ಷ ನಿಲ್ಲಿಸಿದ ಹೊಸವು ಎಂಬತ್ನಾಲ್ಕು. ಒಳಗಿನ ಏಣಿ ಹತ್ತುವಾಗ ಮೊಣಕಾಲು ನನ್ನ ವಯಸ್ಸು ಹೇಳುತ್ತದೆ, ಆದರೆ ನೆತ್ತಿಯ ಮುಚ್ಚಳ ತೆರೆದು ತಲೆ ಹೊರಗೆ ಹಾಕಿದರೆ ಸಾಕು, ಗಾಳಿ ಮುಖಕ್ಕೆ ಹೊಡೆದು ಇಪ್ಪತ್ತು ವರ್ಷ ವಾಪಸ್ಸು ಬರುತ್ತವೆ. ದೂರದಲ್ಲಿ ಹಾಲುರಾಮೇಶ್ವರದ ಕಡೆಯ ಮರಗಳು ಕಾಣುತ್ತವೆ. ಅಲ್ಲೇ ಕೂತು ಬುತ್ತಿ ಬಿಚ್ಚುತ್ತೇವೆ.

ಟೆಕ್ನಿಷಿಯನ್ನುಗಳಲ್ಲಿ ಚೇತನ್‌ಕುಮಾರ್ ಎಂಬುವನು ಬಲು ಚುರುಕು. ಭರಮಸಾಗರದವನು, ಎಂಬತ್ನಾಲ್ಕು ಮೀಟರನ್ನು ಎಂಟು ನಿಮಿಷದಲ್ಲಿ ಹತ್ತುತ್ತಾನೆ. ಅವನ ಕಾಟ ಒಂದೇ, "ಸರ್, ಆ ಚೀಲನ ಒಂದ್ಸಲ ಬಿಚ್ಚಿ ತೋರ್ಸ್ರಿ, ಒಳಗೆ ಏನೈತೆ ನೋಡಾಣ" ಎಂದು ತಿಂಗಳಿಂದ ಗಂಟುಬಿದ್ದಿದ್ದಾನೆ. ಮೊನ್ನೆ ಎಲ್ಲರ ಎದುರಿಗೇ ಚೆನ್ನಾಗಿ ಉಗಿದೆ. "ಲೇ, ಆ ಸಹಿ ಯಾರದು ಗೊತ್ತೇನೋ? ಅದನ್ನ ನಂಬಿ ನಾನು ಹನ್ನೊಂದು ವರ್ಷ ಆಕಾಶದಾಗೆ ಜೋತಾಡೀನಿ" ಎಂದೆ. ಪೆಚ್ಚಾಗಿ ಹೋದ, ಪಾಪ. ಫಾರಮ್ಮಿನಲ್ಲಿ 'ಚೀಲವನ್ನು ತೆರೆದು ಪರೀಕ್ಷಿಸಲಾಗಿದೆ' ಎಂದು ಒಂದು ಸಾಲಿದೆ. ಸೀಲು ಗಟ್ಟಿಯಿದ್ದರೆ ಸಹಿ ಹಾಕಿಬಿಡುತ್ತೇನೆ. ನಿನ್ನ ಸಹಿಯ ಕೆಳಗೆ ನನ್ನದು. ನೋಡಲು ಚೆಂದ.

ಕಳೆದ ಭಾನುವಾರ ಚೇತನ್ ಊಟಕ್ಕೆ ಕರೆದಿದ್ದ. ಉಗಿದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಹೆಂಡತಿ ಸುಷ್ಮಿತಾ, ಎರಡು ಪುಟ್ಟ ಹೆಣ್ಣುಮಕ್ಕಳು. ತಾಯಿ ಹೊನ್ನಕ್ಕ ಕೆರೆ ಏರಿಯ ಹತ್ತಿರ ಹೂ ಮಾರುತ್ತಾರೆ. ಸಾಯಂಕಾಲ ಅವನಿಗೆ ಇಳಿಯುವ ಅಭ್ಯಾಸ ಮಾಡಿಸೋಣವೆಂದು ನನ್ನ ಅರವತ್ತು ಮೀಟರಿನ ಹಗ್ಗ ಜೀಪಿನಲ್ಲಿತ್ತು. ಆಯಮ್ಮ ಅದನ್ನು ಎಳೆದುಕೊಂಡು ಎರಡೂ ಕೈ ಚಾಚಿ ಹೂವಿನ ದಂಡೆ ಅಳೆಯುವ ಹಾಗೆ ಮಾರು ಹಾಕುತ್ತಾ ಹೋದರು. "ಮೂವತ್ತೆಂಟು ಮಾರು ಐತಪ್ಪ, ಒಂದು ಗೇಣು ಜಾಸ್ತಿ" ಎಂದರು. ಆಮೇಲೆ ಟೇಪು ಹಿಡಿದು ನೋಡಿದೆವು, ಒಂದು ಗೇಣೂ ತಪ್ಪಿರಲಿಲ್ಲ. "ನಮ್ಮ ಸೊಸೆ ಕೈನೂ ನನ್ನಷ್ಟೇ ಐತೆ, ಅದಕ್ಕೇ ತಂದ್ಕಂಡಿದ್ದು" ಎಂದು ನಗಿಸಿದರು.

ಯಾವಾಗಲಾದರೂ ಗುಡ್ಡಕ್ಕೆ ಬಾರೋ. ಒಟ್ಟಿಗೆ ಹತ್ತೋಣ.

ನಿನ್ನ
ನಾಸಿರ್


ಹೊಸದುರ್ಗ
೧೯ ಫೆಬ್ರವರಿ ೨೦೨೪

ಹನುಮೇಶ,

ಸುದ್ದಿ ನಿನಗೆ ಬಂದಿರುತ್ತದೆ. ಆದರೂ ನಾನೇ ಬರೆಯಬೇಕು. ನೀನು ಓದಲೇಬೇಕು.

ಹನ್ನೊಂದನೆಯ ತಾರೀಕು ಬೆಳಿಗ್ಗೆ ಚೇತನ್ ಮತ್ತು ಪಾಲಣ್ಣ ಒಂದು ಹೊಸ ಟವರಿನ ಮೇಲೆ ಕೆಲಸ ಮಾಡುತ್ತಿದ್ದರು. ಜಾಕ್ ಜಾರಿ ಕಬ್ಬಿಣದ ಮುಚ್ಚಳ ಚೇತನನ ತೊಡೆಯ ಮೇಲೆ ಬಿತ್ತು. ನಾನು ಹತ್ತಿ ಹೋದಾಗ ಮೂಳೆ ಮುರಿದು ಹೊರಗೆ ಕಾಣುತ್ತಿತ್ತು. ಏಣಿಯಲ್ಲಿ ಇಳಿಸುವ ಮಾತೇ ಇರಲಿಲ್ಲ. ಪಟ್ಟಿ ಬಿಗಿದು ರಕ್ತ ನಿಲ್ಲಿಸಿದೆ. ಅಂಥ ಗಾಯವನ್ನು ಹಿಮದಲ್ಲಿ ಎಷ್ಟು ನೋಡಿಲ್ಲ ನಾವು. ಅವನ ಕೆನ್ನೆ ತಟ್ಟಿ, "ಹತ್ತು ನಿಮಿಷ ಕಣೋ. ನಲವತ್ತೊಂದು ಜನ ಬದುಕವ್ರೆ ನನ್ನ ಕೈಯಾಗೆ, ನೀನು ನಲವತ್ತೆರಡು" ಎಂದೆ. ಅವನು ನಕ್ಕ. "ಕೊನೆಗೂ ಚೀಲ ಬಿಚ್ತಿದೀರಲ್ಲ ಸರ್" ಎಂದ.

ಸೀಲ್ ಗಟ್ಟಿಯಾಗಿತ್ತು. ನಿನ್ನ ಸಹಿ ಇತ್ತು. ನೂರು ಮೀಟರ್ ಎಂಬ ಚೀಟಿ ಇತ್ತು. ನಾನು ಒಡೆದೆ.

ಪಾಲಣ್ಣನನ್ನು ಕೆಳಗೆ ಹಿಡಿದುಕೊಳ್ಳಲು ಕಳಿಸಿ, ಚೇತನನನ್ನು ಕಟ್ಟಿ ಹೊರಗೆ ಬಿಟ್ಟೆ. ಸಲೀಸಾಗಿ ಇಳಿಯುತ್ತಿದ್ದ. ಆಮೇಲೆ ನನ್ನ ಕೈಗೆ ಹಗ್ಗದ ತುದಿಯ ಗಂಟು ಬಂತು. ಅದಕ್ಕಿಂತ ಮುಂದೆ ಹಗ್ಗ ಇರಲಿಲ್ಲ. ಅವನು ನೆಲದಿಂದ ಇಪ್ಪತ್ನಾಲ್ಕು ಮೀಟರ್ ಮೇಲೆ ನಿಂತುಬಿಟ್ಟ.

"ನೆಲ ಕಾಣ್ತಾ ಐತೆ ಸರ್, ಇನ್ನೊಂಚೂರು ಬಿಡ್ರಿ" ಎಂದು ಕೂಗಿದ. ಅವನಿಗೆ ಏನು ಹೇಳಲಿ? ತಡಿ ತಡಿ ಎಂದೆ. ಮೇಲಕ್ಕೆ ಎಳೆದೆ. ಆರು ಮೀಟರ್ ಬಂತು, ಗಾಳಿಗೆ ಕೈ ಸೋತು ಮತ್ತೆ ಜಾರಿತು. ನನ್ನ ಅಭ್ಯಾಸದ ಹಗ್ಗ ಆ ದಿನ ಮನೆಯಲ್ಲಿತ್ತು. ಪಾಲಣ್ಣ ಪಕ್ಕದ ಹೊಸ ಟವರಿಗೆ ಓಡಿ, ಹತ್ತಿ, ಅಲ್ಲಿನ ಚೀಲ ತಂದು, ಮತ್ತೆ ಈ ಟವರು ಹತ್ತಿ ಬರುವ ಹೊತ್ತಿಗೆ ಒಂದೂಕಾಲು ಗಂಟೆ. ಅಷ್ಟು ಹೊತ್ತು ಗಾಳಿ ಅವನನ್ನು ಟವರಿಗೆ ಬಡಿಯುತ್ತಲೇ ಇತ್ತು. ಬಡಿದು ಬಡಿದು ಪಟ್ಟಿ ಸಡಿಲವಾಯಿತು. ಮೇಲಿನಿಂದ ನನಗೆ ಎಲ್ಲಾ ಕಾಣುತ್ತಿತ್ತು, ಕೈಗೆ ಎಟುಕುವುದು ಯಾವುದೂ ಇರಲಿಲ್ಲ. ಇನ್ನೊಂಚೂರು ಬಿಡ್ರಿ ಎಂದು ಎಷ್ಟು ಸಲ ಕೇಳಿದನೋ ಎಣಿಸಲಿಲ್ಲ. ಆಮೇಲೆ ಕೇಳುವುದನ್ನು ನಿಲ್ಲಿಸಿದ.

ಎರಡನೆಯ ಹಗ್ಗವನ್ನು ಗಂಟು ಹಾಕಿ ಇಳಿಸಿದೆ. ಅದೂ ಅರವತ್ತೇ. ಕೆಳಗೆ ಮುಟ್ಟಿದ್ದು ಹೆಣ.

ನಾನು ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಎಂಬತ್ನಾಲ್ಕು ಮೀಟರಿನ ಟವರಿನ ಚೀಲಕ್ಕೆ ನೀನು ಎಷ್ಟು ಮೀಟರ್ ಹಗ್ಗ ಹಾಕಿದೆ? ಗೊತ್ತಿದ್ದೂ ಹಾಕಿದೆಯಾ, ಗೊತ್ತಿಲ್ಲದೆ ಹಾಕಿದೆಯಾ? ಇಷ್ಟನ್ನು ಬರೆದು ತಿಳಿಸು.

ನಾಸಿರ್


ಹಿರಿಯೂರು
೨೬ ಫೆಬ್ರವರಿ ೨೦೨೪

ನಾಸಿರ,

ನಿನ್ನ ಕಾಗದ ಓದಿದ ಕೂಡಲೇ ಸುಟ್ಟೆ. ಅಂಥದ್ದನ್ನೆಲ್ಲ ಬರವಣಿಗೆಯಲ್ಲಿ ಇಡಬಾರದು. ಈ ಕಾಗದವನ್ನೂ ಓದಿ ಸುಡು.

ಹಳೆಯ ಟವರುಗಳಿಗೆಂದು ತಂದ ಹಗ್ಗ ಗೋಡೌನಿನಲ್ಲಿ ರಾಶಿ ಬಿದ್ದಿತ್ತು. ಹೊಸ ಟವರು ಬಂದಾಗ ಅದನ್ನೇ ಹಾಕಿಸಿದೆ, ಚೀಟಿ ಮಾತ್ರ ಬದಲಾಯಿಸಿದೆ. ಇಷ್ಟು ವರ್ಷದಲ್ಲಿ ಒಂದು ಚೀಲವನ್ನೂ ಯಾರೂ ಬಿಚ್ಚಿರಲಿಲ್ಲ. ಬಿಚ್ಚುವ ಕಾಲ ಬರುವುದಿಲ್ಲ ಎಂದುಕೊಂಡಿದ್ದೆ. ಸಾಕಾ? ಕೇಳಿದೆ, ಹೇಳಿದೆ.

ಈಗ ನೀನು ಕೇಳು. ಚೀಲದ ಮೇಲೆ ನನ್ನ ಸಹಿ ಒಂದು. ಫಾರಮ್ಮಿನ ಮೇಲೆ ನಿನ್ನ ಸಹಿ ಏಳು ತಿಂಗಳದ್ದು. ತೆರೆದು ಪರೀಕ್ಷಿಸಲಾಗಿದೆ, ತೆರೆದು ಪರೀಕ್ಷಿಸಲಾಗಿದೆ, ತೆರೆದು ಪರೀಕ್ಷಿಸಲಾಗಿದೆ. ನಿನಗೆ ಹಾಗೆ ಬರೆ ಎಂದು ನಾನು ಹೇಳಿರಲಿಲ್ಲ. ಜೈಲಿಗೆ ಹೋಗುವುದಾದರೆ ನೀನು ಮುಂದೆ, ನಾನು ಹಿಂದೆ.

ಒಂದೇ ದಾರಿ ಇದೆ. ಏಪ್ರಿಲ್ ಹದಿನೆಂಟಕ್ಕೆ ತನಿಖಾಧಿಕಾರಿಯ ಎದುರು ನಿನ್ನ ಕೊನೆಯ ಹೇಳಿಕೆ. ಸೀಲ್ ಮೊದಲೇ ಒಡೆದಿತ್ತು ಎಂದು ಹೇಳು. ಚೇತನ್ ಕದ್ದು ಚೀಲ ಬಿಚ್ಚಿ, ತಾಯಿಯ ಹೂವಿನ ಚಪ್ಪರ ಕಟ್ಟಲು ನಲವತ್ತು ಮೀಟರ್ ಕತ್ತರಿಸಿಕೊಂಡು ಹೋಗಿದ್ದ ಎಂದು ಹೇಳು. ಚೀಲ ಬಿಚ್ಚಿ ಬಿಚ್ಚಿ ಎಂದು ಅವನು ತಿಂಗಳಿಂದ ಗಂಟುಬಿದ್ದಿದ್ದನಲ್ಲ? ನೀನೇ ನವೆಂಬರಿನಲ್ಲಿ ಬರೆದಿದ್ದೀಯ. ಆ ಕಾಗದ ನಾನು ಸುಟ್ಟಿಲ್ಲ. ಪಕ್ಕದ ಟವರಿನ ಚೀಲ ಈಗ ಅಲ್ಲಿಲ್ಲ. ಪಾಲಣ್ಣನಿಗೂ ಏನು ನೋಡಿದೆ ಎಂಬುದು ಸರಿಯಾಗಿ ನೆನಪಿಲ್ಲವಂತೆ.

ನನ್ನ ಕೈಕೆಳಗೆ ಹದಿನಾಲ್ಕು ಜನ ಮಾಜಿ ಸೈನಿಕರು ಅನ್ನ ತಿನ್ನುತ್ತಿದ್ದಾರೆ. ಅವರನ್ನು ಮತ್ತೆ ಚಪ್ಪಲಿ ಕಾಯಲು ಕಳಿಸುತ್ತೀಯಾ? ಸತ್ತವನಿಗೆ ಮರ್ಯಾದೆ ಹೋದರೆ ನೋವಾಗುವುದಿಲ್ಲ. ಅಷ್ಟರ ಮೇಲೂ ಮನಸ್ಸು ಒಪ್ಪದಿದ್ದರೆ ನನ್ನ ಅಂಗೈ ನೆನೆಸಿಕೋ. ಆ ಚರ್ಮದ ಮೇಲೆ ನೀನು ಇವತ್ತು ಉಸಿರಾಡುತ್ತಿದ್ದೀಯ.

ಹನುಮೇಶ


ಚಿತ್ರದುರ್ಗ
೪ ಮಾರ್ಚ್ ೨೦೨೪

ಹನುಮೇಶ,

ಮೊದಲ ವಿಚಾರಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ನಿನ್ನ ಹೆಸರು ಹೇಳುವ ಮುಂಚೆ ನನ್ನದು ಹೇಳಿದೆ. ನೋಡದೆ ಸಹಿ ಹಾಕಿದೆ ಎಂದೆ. ತನಿಖಾಧಿಕಾರಿ ಕನ್ನಡಕ ತೆಗೆದು, "ಯಾಕ್ರಿ ನೋಡ್ಲಿಲ್ಲ?" ಎಂದರು. ಸ್ನೇಹಿತನ ಸಹಿ ಇತ್ತು ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಬರೆಯುವಂಥ ಕಾರಣ ಅನ್ನಿಸಲಿಲ್ಲವೇನೋ.

ಕಂಪನಿಯವರು ಮನೆಗೆ ಕಳಿಸಿದ್ದಾರೆ. ಅಬ್ಬಾರ ಅಂಗಡಿಗೆ ಮರಳಿದ್ದೇನೆ. ಈಗ ಅವರು ತಮಾಷೆ ಮಾಡುವುದಿಲ್ಲ. ಸೂಜಿಗೆ ತಾವೇ ದಾರ ಪೋಣಿಸಿ ಕೊಡುತ್ತಾರೆ.

ನೀನು ನನ್ನನ್ನು ಉಳಿಸಿದ್ದು ನಿಜ. ಅದಕ್ಕೆ ಬೇರೆ ಏನು ಬೇಕಾದರೂ ಕೇಳು. ಚೀಲ ಬಿಚ್ಚಿ ನೋಡೋಣ ಎಂದವನು ಆ ಗುಡ್ಡದಲ್ಲಿ ಅವನೊಬ್ಬನೇ. ಅದಕ್ಕೆ ನಾನು ಎಲ್ಲರೆದುರು ಅವನಿಗೆ ಉಗಿದೆ. ಅವನನ್ನೇ ಕಳ್ಳ ಎನ್ನು ಎನ್ನುತ್ತೀಯ. ನನ್ನ ಕೈಲಾಗದು. ಏಪ್ರಿಲ್ ಹದಿನೆಂಟಕ್ಕೂ ಇದನ್ನೇ ಹೇಳುತ್ತೇನೆ.

ನಾಸಿರ್


ಭರಮಸಾಗರ
೨ ಏಪ್ರಿಲ್ ೨೦೨೪

ನಾಸಿರ್ ಸರ್ ಅವರಿಗೆ ಸುಷ್ಮಿತಾ ಮಾಡುವ ನಮಸ್ಕಾರಗಳು.

ನಮ್ಮ ಮನೆಯವರು ಹೋದ ಮೇಲೆ ನೀವು ಎರಡು ಸಲ ಬಂದಿರಿ, ಎರಡು ಸಲವೂ ನಾನು ಮಾತಾಡಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ಹಿರಿಯೂರಿನ ಹನುಮೇಶಪ್ಪನವರು ಮನೆಗೆ ಬಂದಿದ್ದರು. ಅತ್ತೆಯ ಕಾಲು ಮುಟ್ಟಿದರು. ತಮ್ಮ ಏಜೆನ್ಸಿಯಲ್ಲಿ ನನಗೆ ಕಾಯಂ ಕೆಲಸ ಕೊಡುತ್ತೇನೆ, ಮಕ್ಕಳನ್ನು ಹಿರಿಯೂರಿನಲ್ಲಿ ಶಾಲೆಗೆ ಹಾಕಿಸುತ್ತೇನೆ ಎಂದರು. "ಆದ್ರೆ ನಾಸಿರ ಹೇಳಿಕೆ ಹಂಗೇ ಉಳಿದ್ರೆ ನನ್ನ ಏಜೆನ್ಸಿನೇ ಇರಲ್ಲ ಕಣಮ್ಮ, ಎಲ್ಲಿಂದ ಕೊಡ್ಲಿ ಕೆಲಸ?" ಎಂದರು. ಏನು ಹೇಳಿಕೆ ಬೇಕು ಎಂಬುದನ್ನೂ ತಿಳಿಸಿದರು. ಹೂವಿನ ಚಪ್ಪರದ ಮಾತು ಬಂದಾಗ ಅತ್ತೆ ಎದ್ದು ಒಳಗೆ ಹೋದರು. ನಾನು ಕೂತೇ ಇದ್ದೆ.

ಸರ್, ಅವರು ಹೇಳಿದ ಹಾಗೆ ಬರೆದುಕೊಡಿ. ನಮ್ಮೋರು ಕಳ್ಳ ಅಂತಲೇ ಬರೆದುಕೊಡಿ. ಸತ್ತವರನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ನೀವು ನಿಜ ಹೇಳಿ ಜೈಲಿಗೆ ಹೋದರೆ ನಿಮ್ಮ ಮನಸ್ಸಿಗೆ ಸಮಾಧಾನವಾಗಬಹುದು. ನನ್ನ ಮಕ್ಕಳಿಗೆ ಅದರಿಂದ ಏನು ಬಂತು? ಅತ್ತೆಯ ಹೂವಿನಲ್ಲಿ ನಾಲ್ಕು ಹೊಟ್ಟೆ ನಡೆಯುವುದಿಲ್ಲ. ನನ್ನ ತವರಿನವರು ಆಗಲೇ ಬೇರೆ ಸಂಬಂಧದ ಮಾತು ಎತ್ತಿದ್ದಾರೆ, ಮಕ್ಕಳನ್ನು ಬಿಟ್ಟು ಬಾ ಎನ್ನುತ್ತಿದ್ದಾರೆ.

ಇನ್ನೊಂದು ಮಾತು. ಮಣ್ಣು ಮಾಡಿದ ದಿನ ನೀವು ನನಗೆ, "ಒಂದೇ ಗಳಿಗೆಯಾಗೆ ಹೋದ ಕಣಮ್ಮ, ನೋವು ಅವನಿಗೆ ಗೊತ್ತಾಗ್ಲಿಲ್ಲ" ಎಂದಿರಿ. ಕೆಳಗೆ ನಿಂತಿದ್ದ ಪಾಲಣ್ಣ ಕುಡಿದು ಬಂದು ಎಲ್ಲಾ ಹೇಳಿದ. ಒಂದೂಕಾಲು ಗಂಟೆ ಎಂದು ಹೇಳಿದ. ಇನ್ನೊಂಚೂರು ಬಿಡ್ರಿ ಎಂದದ್ದನ್ನೂ ಹೇಳಿದ.

ಆದ್ದರಿಂದ ನಿಮಗೆ ಸುಳ್ಳು ಹೇಳಲು ಬರುತ್ತದೆ ಎಂದು ನನಗೆ ಗೊತ್ತು. ನನ್ನ ಸಮಾಧಾನಕ್ಕೆ ಒಂದು ಸಲ ಹೇಳಿದ್ದೀರಿ. ನನ್ನ ಮಕ್ಕಳ ಅನ್ನಕ್ಕೆ ಇನ್ನೊಂದು ಸಲ ಹೇಳಿ.

ಇಂತಿ,
ಸುಷ್ಮಿತಾ


ಚಿತ್ರದುರ್ಗ
೧೯ ಏಪ್ರಿಲ್ ೨೦೨೪

ಹನುಮೇಶ,

ನೀನು ಗೆದ್ದೆ. ನಿನ್ನೆ ಹೇಳಿಕೆ ಬದಲಾಯಿಸಿದೆ. ಸೀಲ್ ಒಡೆದಿತ್ತು ಎಂದೆ, ಚೇತನ್ ಹಗ್ಗ ಕತ್ತರಿಸಿಕೊಂಡ ಎಂದೆ. ಚಪ್ಪರದ ಮಾತು ಮಾತ್ರ ನಾಲಗೆಗೆ ಬರಲಿಲ್ಲ. ತನಿಖಾಧಿಕಾರಿಯೇ, "ಯಾತಕ್ಕೆ ಒಯ್ದ, ಮನೆಗಾ?" ಎಂದು ಕೇಳಿದರು. ಹೂಂ ಎಂದೆ. ಈ ಸಲ ಎಲ್ಲವನ್ನೂ ಬರೆದುಕೊಂಡರು. ಓದಿ ನೋಡಿ ಸಹಿ ಹಾಕ್ರಿ ಎಂದರು. ಎರಡು ಸಲ ಓದಿ ನೋಡಿ ಸಹಿ ಹಾಕಿದೆ. ಇಷ್ಟು ವರ್ಷದಲ್ಲಿ ನೋಡಿ ಹಾಕಿದ ಸಹಿ ಇದೊಂದೇ ಇರಬೇಕು.

ಹೊರಗೆ ಬಂದರೆ ಜಗಲಿಯ ಮೇಲೆ ಹೊನ್ನಕ್ಕ ಕೂತಿದ್ದರು. ಮಗನ ಬಗ್ಗೆ ಏನು ಹೇಳಿದೆ ಎಂದು ಕೇಳುತ್ತಾರೇನೋ ಎಂದುಕೊಂಡೆ. ಅವರು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ನಾನು ದಾಟಿ ಹೋಗಲು ಜಾಗ ಬಿಟ್ಟರು.

ನಿನ್ನ ಅಂಗೈಯ ಋಣ ತೀರಿತು. ಬದಲಿಗೆ ಒಂದೇ ಒಂದು ಕೇಳುತ್ತೇನೆ. ಹೊಸ ಟವರುಗಳ ಚೀಲಗಳನ್ನೆಲ್ಲ ಇಳಿಸಿ ನೂರು ಮೀಟರಿನ ಹಗ್ಗ ಹಾಕು. ಆ ಹೆಣ್ಣುಮಗಳಿಗೆ ಕೆಲಸ ಕೊಡು. ಇವೆರಡು ಆದರೆ ನಾನು ಮತ್ತೆ ನಿನ್ನ ಮುಖ ನೋಡುವುದಿಲ್ಲ, ಕಾಗದವನ್ನೂ ಬರೆಯುವುದಿಲ್ಲ.

ನಾಸಿರ್


ಹಿರಿಯೂರು
೨೭ ಏಪ್ರಿಲ್ ೨೦೨೪

ನಾಸಿರ,

ಹಗ್ಗ ಎಲ್ಲಾ ಬದಲಾಯಿಸುತ್ತೇನೆ, ನನ್ನ ಮಕ್ಕಳಾಣೆ. ಸುಷ್ಮಿತಾಗೆ ಜೂನ್ ಒಂದರಿಂದ ಕೆಲಸ. ಮಾತಿಗೆ ತಪ್ಪುವವನಲ್ಲ ನಾನು.

ಆದರೆ ಋಣ ತೀರಿತು ಎಂದು ಬರೆದೆಯಲ್ಲ, ಅದನ್ನು ಓದಿ ನಗು ಬಂತು. ಇನ್ನು ನಾವು ಭೇಟಿಯಾಗುವುದಿಲ್ಲ ಎಂದಮೇಲೆ ಹೇಳಿಬಿಡುತ್ತೇನೆ. ಆ ದಿನ ಹಿಮದ ಕಣಿವೆಯಲ್ಲಿ ಹಗ್ಗ ಜಾರಿದ್ದು ಯಾಕೆ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಚಳಿಗೆ ಕೈ ಮರಗಟ್ಟಿತ್ತು. ತುದಿಯ ಗಂಟನ್ನು ಅರ್ಧ ಹಾಕಿ ಚೀಲ ಮುಚ್ಚಿ ಸಹಿ ಹೊಡೆದಿದ್ದೆ. ನೀನು ಬಿಚ್ಚಿ ನೋಡುವುದಿಲ್ಲ ಎಂದು ಗೊತ್ತಿತ್ತಲ್ಲ. ಗಂಟು ಬಿಟ್ಟುಕೊಂಡಾಗ ನಾನು ಹಿಡಿದುಕೊಂಡದ್ದು ನಿನ್ನನ್ನಲ್ಲ, ನನ್ನ ನೌಕರಿಯನ್ನು. ಅದಕ್ಕೆ ನನಗೆ ಪದಕ ಕೊಟ್ಟರು, ನೀನು ಚಪ್ಪಾಳೆ ತಟ್ಟಿದೆ.

ಹನ್ನೊಂದು ವರ್ಷ ನೀನು ಒಂದು ಚೀಲವನ್ನಾದರೂ ಬಿಚ್ಚಿ ನೋಡಿದ್ದರೆ ನಾನು ಒಳ್ಳೆಯವನಾಗಿ ಇರುತ್ತಿದ್ದೆನೋ ಏನೋ. ಯೋಚನೆ ಮಾಡು. ಅಂಗಡಿಯಲ್ಲಿ ಕೂತು ಮಾಡಲು ಇನ್ನೇನು ಕೆಲಸ ಇದೆ ನಿನಗೆ.

ಹನುಮೇಶ


ಹಿರಿಯೂರು
೧೫ ಸೆಪ್ಟೆಂಬರ್ ೨೦೨೪

ನಾಸಿರ್ ಸರ್,

ನೀವು ಕಳಿಸಿದ ಎರಡು ಪುಟ್ಟ ಹಾಸಿಗೆ ತಲುಪಿದವು. ಮಕ್ಕಳು ಅದರ ಮೇಲೆ ಕುಣಿದು ಕುಣಿದು ಒಂದರ ಹೊಲಿಗೆ ಬಿಚ್ಚಿದ್ದಾರೆ. ದೊಡ್ಡವಳಿಗೆ ಇಲ್ಲಿನ ಶಾಲೆ ಹಿಡಿಸಿದೆ. ಅಪ್ಪ ಹಗ್ಗ ಕದ್ದನಂತೆ ಹೌದಾ ಎಂದು ಯಾರೋ ಕೇಳಿದರಂತೆ, ಬಂದು ನನ್ನನ್ನು ಕೇಳಿದಳು. ಹೌದು ಎಂದೆ. ಒಂದೊಂದು ಸಲ ಒಂದೊಂದು ಹೇಳಿದರೆ ಮಕ್ಕಳಿಗೆ ಗೊಂದಲ. ಅತ್ತೆ ನಮ್ಮ ಜೊತೆ ಬರಲಿಲ್ಲ, ಭರಮಸಾಗರದಲ್ಲೇ ಉಳಿದರು. ನನ್ನ ಸಂಬಳದಲ್ಲಿ ಕಳಿಸಿದ್ದನ್ನು ಮುಟ್ಟುವುದಿಲ್ಲ.

ನನ್ನ ಕೆಲಸ ಏನೆಂದು ನಿಮಗೆ ಹೇಳಿಲ್ಲ. ಗೋಡೌನಿನಲ್ಲಿ ಚೀಲಕ್ಕೆ ಸೀಲ್ ಒತ್ತುವುದು, ಚೀಟಿ ಅಂಟಿಸುವುದು, ಕೆಳಗೆ ಸಹಿ ಹಾಕುವುದು. ಹನುಮೇಶಪ್ಪನವರ ಸಹಿ ಈಗ ಬರುವುದಿಲ್ಲ, ನನ್ನದೇ ಬರುತ್ತದೆ. ಸೇರಿದ ದಿನ, "ಒಳಗೆ ತೆಗೆದು ನೋಡಬೇಕಾ ಅಣ್ಣ?" ಎಂದು ಕೇಳಿದೆ. "ಯಾಕಮ್ಮ ಸುಮ್ನೆ ಕಷ್ಟ, ಎಲ್ಲಾ ನೋಡೇ ತುಂಬೈತೆ" ಎಂದರು.

ಮೊನ್ನೆ ಊಟದ ಹೊತ್ತಿನಲ್ಲಿ ಗೋಡೌನಿನಲ್ಲಿ ಯಾರೂ ಇರಲಿಲ್ಲ. ಹೊಸ ಟವರಿಗೆ ಹೋಗುವ ಒಂದು ಚೀಲ ಬಿಚ್ಚಿದೆ. ಟೇಪು ಇರಲಿಲ್ಲ. ಎರಡೂ ಕೈ ಚಾಚಿ ಅತ್ತೆ ಹೂ ಅಳೆಯುವ ಹಾಗೆ ಮಾರು ಹಾಕುತ್ತಾ ಬಂದೆ. ನೂರು ಮೀಟರಿಗೆ ಅರವತ್ತು ಮಾರಿನ ಮೇಲೆ ಬರಬೇಕಿತ್ತಲ್ಲ ಸರ್. ಮೂವತ್ತೆಂಟು ಬಂತು. ಮೇಲೊಂದು ಗೇಣು. ಕೈ ತಪ್ಪಿರಬೇಕೆಂದು ಇನ್ನೊಂದು ಬಿಚ್ಚಿ ಅಳೆದೆ. ಅದೂ ಮೂವತ್ತೆಂಟೇ.

ಎರಡನ್ನೂ ಮೊದಲಿದ್ದ ಹಾಗೆ ಮಡಿಸಿ ಒಳಗಿಟ್ಟೆ. ಸೀಲ್ ಒತ್ತಿದೆ. ನೂರು ಮೀಟರ್ ಚೀಟಿ ಅಂಟಿಸಿ ಸಹಿ ಹಾಕಿದೆ. ಸಂಜೆ ಗುಡ್ಡದಿಂದ ಹೊಸ ಟೆಕ್ನಿಷಿಯನ್ ಬಂದು ಚೀಲಗಳನ್ನು ಜೀಪಿಗೆ ಹಾಕಿಕೊಂಡ. ಅವನಿಗೂ ಚಿಕ್ಕ ಮಕ್ಕಳಂತೆ, ಫೋಟೋ ತೋರಿಸಲು ಬಂದ. ನಾನ್ಯಾಕೆ ನೋಡಲಿ, ಕೆಲಸ ಐತೆ ಎಂದೆ.

ನಿಮಗೊಬ್ಬರಿಗೆ ಬರೆದು ಹಗುರವಾಗೋಣ ಎನ್ನಿಸಿತು, ಬರೆದೆ. ಇದನ್ನು ಯಾರ ಹತ್ತಿರವಾದರೂ ಒಯ್ದರೆ, ನಾನು ಚೀಲ ಬಿಚ್ಚಿಯೇ ಇಲ್ಲ ಎನ್ನುತ್ತೇನೆ. ಹೇಗೆ ಹೇಳಬೇಕೆಂದು ನಿಮ್ಮಿಂದ ಕಲಿತಿದ್ದೇನೆ ಸರ್. ನನಗೂ ಈಗ ಬರುತ್ತದೆ.

ಇಂತಿ,
ಸುಷ್ಮಿತಾ